ಉಸಿರಿನ ಎಣಿಕೆಯೂ ಪ್ರಾಣಲಿಂಗದ ಅನುಸಂಧಾನವೂ

ಕಳೆದ ಶ್ರಾವಣಮಾಸದ ಶಿವಾನುಭವಗೋಷ್ಠಿಯು ಮುಗಿದು ಪ್ರಸಾದವಾದ ಬಳಿಕ, ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗ ಮಾಡಿಕೊಂಡಿರುವ ತರುಣ ಭಕ್ತನೊಬ್ಬನು ಬಳಿಗೆ ಬಂದು, ಶರಣೆಂದು ಕುಳಿತು, ಒಂದು ಸಂದೇಹವನ್ನು ಮುಂದಿಟ್ಟನು. "ಗುರುಗಳೇ, ನಮ್ಮ ಕಚೇರಿಯ ಗಣಕಯಂತ್ರಗಳಲ್ಲಿ ಉಸಿರಾಟವನ್ನು ನಡೆಸಿಕೊಡುವ ತಂತ್ರಾಂಶವೊಂದನ್ನು ಹಾಕಿದ್ದಾರೆ. ಎರಡು ಗಂಟೆಗೊಮ್ಮೆ ಪರದೆಯ ಮೇಲೆ ಒಂದು ವೃತ್ತ ಮೂಡುತ್ತದೆ. ಅದು ಹಿಗ್ಗುವಾಗ ಉಸಿರನ್ನು ಎಳೆದುಕೊಳ್ಳಬೇಕು, ಕುಗ್ಗುವಾಗ ಬಿಡಬೇಕು. ಐದು ನಿಮಿಷ ಮಾಡಿದರೆ ಮನಸ್ಸು ಹಗುರಾಗುತ್ತದೆ. ಈಗ ಮನೆಯಲ್ಲಿ ಲಿಂಗಪೂಜೆಗೆ ಕುಳಿತಾಗಲೂ ಮೊಬೈಲನ್ನು ಎದುರಿಗಿಟ್ಟುಕೊಂಡು ಅದೇ ಗತಿಯಲ್ಲಿ ಉಸಿರಾಡುತ್ತಿದ್ದೇನೆ. ಇದು ತಪ್ಪೇ?" ಎಂದು ಕೇಳಿದನು.

ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಯಂತ್ರಕ್ಕೂ ಲಿಂಗಕ್ಕೂ ಎತ್ತಣ ಸಂಬಂಧ, ಅದನ್ನು ಮೊದಲು ಆಚೆಗಿಡು" ಎಂದರು. ಇನ್ನೊಬ್ಬರು, "ಇದೆಲ್ಲ ನಮ್ಮ ಪೂರ್ವಿಕರು ಎಂದೋ ಕಂಡುಕೊಂಡದ್ದು, ಪರದೇಶದವರು ಈಗ ಕಣ್ಣುಬಿಟ್ಟಿದ್ದಾರೆ, ಅಷ್ಟೇ" ಎಂದು ನಕ್ಕರು. ಎರಡು ಮಾತೂ ನನಗೆ ಸರಿಕಾಣಲಿಲ್ಲ. ಪ್ರಶ್ನೆಯು ಒಬ್ಬನದಲ್ಲ. ಇಂದು ನಮ್ಮ ಭಕ್ತಮನೆತನಗಳಲ್ಲಿ ಗಣಕಯಂತ್ರದ ಮುಂದೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಕುಳಿತುಕೊಳ್ಳುವ ಮಕ್ಕಳಿಲ್ಲದ ಮನೆ ವಿರಳವಾಗಿದೆ. ಆದಕಾರಣ ಈ ವಿಷಯವನ್ನು ದೇಹಶಾಸ್ತ್ರದ ಕಡೆಯಿಂದಲೂ ಷಟ್‌ಸ್ಥಲಶಾಸ್ತ್ರದ ಕಡೆಯಿಂದಲೂ ಕೊಂಚ ವಿಸ್ತಾರವಾಗಿ ವಿವೇಚಿಸುವುದು ಉಚಿತವೆಂದು ತೋರಿತು.

ಆರೋಗ್ಯವಂತನಾದ ಪ್ರಾಪ್ತವಯಸ್ಕನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು ೧೨ರಿಂದ ೨೦ ಸಲ ಉಸಿರಾಡುತ್ತಾನೆಂದು ವೈದ್ಯಶಾಸ್ತ್ರವು ಹೇಳುತ್ತದೆ. ನಮ್ಮ ಯೋಗಗ್ರಂಥಗಳು ಅಹೋರಾತ್ರಿಗೆ ೨೧,೬೦೦ ಶ್ವಾಸಗಳೆಂದು ಎಣಿಸಿದುವು. ಭಾಗಿಸಿ ನೋಡಿದರೆ ನಿಮಿಷಕ್ಕೆ ೧೫ ಆಗುತ್ತದೆ. ಗಡಿಯಾರದ ಮುಳ್ಳಿಲ್ಲದ ಕಾಲದ ಈ ಲೆಕ್ಕವು ಇಂದಿನ ಅಳತೆಯ ಮಧ್ಯದಲ್ಲಿಯೇ ಬಂದು ನಿಲ್ಲುವುದು ಸಂತೋಷದ ವಿಷಯ. ಆದರೆ ಈ ಸಂಖ್ಯೆಯು ಸಹಜವಾಗಿ ಕುಳಿತವನ ಉಸಿರಿಗೆ ಸಂಬಂಧಿಸಿದುದು. ಗಣಕಯಂತ್ರದ ಮುಂದೆ ಕುಳಿತವನು ಸಹಜವಾಗಿ ಕುಳಿತಿರುವುದಿಲ್ಲ.

ಮೊದಲನೆಯದಾಗಿ, ಅವನ ಮೈ ಮುಂದಕ್ಕೆ ಬಾಗಿರುತ್ತದೆ. ಎದೆಗೂಡಿಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಹರಡಿಕೊಂಡಿರುವ ವಪೆಯೆಂಬ ಸ್ನಾಯುವೇ ಉಸಿರಾಟದ ಮುಖ್ಯ ಸಾಧನ. ಅದು ಕೆಳಗಿಳಿದಾಗ ಎದೆಯೊಳಗೆ ಅವಕಾಶ ಹೆಚ್ಚಿ ಗಾಳಿ ಒಳಗೆ ಬರುತ್ತದೆ, ಮೇಲಕ್ಕೇರಿದಾಗ ಹೊರಗೆ ಹೋಗುತ್ತದೆ. ಬೆನ್ನು ಬಾಗಿ ಹೊಟ್ಟೆ ಮಡಿಸಿಕೊಂಡಾಗ ವಪೆಗೆ ಇಳಿಯಲು ಎಡೆಯಿರುವುದಿಲ್ಲ. ಆಗ ಕತ್ತು ಮತ್ತು ಭುಜಗಳ ಸ್ನಾಯುಗಳು ಆ ಕೆಲಸಕ್ಕೆ ಕೈಹಾಕುತ್ತವೆ. ಉಸಿರು ಮೇಲೆಮೇಲೆಯೇ ಆಡುತ್ತದೆ. ಸಂಜೆಗೆ ಕತ್ತು ನೋಯುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಮನಸ್ಸು ಒಂದರ ಮೇಲೆ ತೀವ್ರವಾಗಿ ನೆಟ್ಟಾಗ ಉಸಿರು ತಾನಾಗಿ ತಡೆಯುತ್ತದೆ. ಲಿಂಡಾ ಸ್ಟೋನ್ ಎಂಬ ಅಮೆರಿಕದ ಮಹಿಳೆ, ಗಣಕೋದ್ಯಮದಲ್ಲಿಯೇ ಬಹುಕಾಲ ದುಡಿದವರು, ಪತ್ರಗಳನ್ನು ತೆರೆಯುವಾಗ ತಾವು ಉಸಿರು ಬಿಗಿಹಿಡಿಯುತ್ತಿರುವುದನ್ನು ಗಮನಿಸಿ, ಇತರರಲ್ಲಿಯೂ ಅದನ್ನು ಕಂಡು, ೨೦೦೮ರಲ್ಲಿ ಇದಕ್ಕೆ 'ಈಮೇಲ್ ಅಪ್ನಿಯಾ' ಎಂದು ಹೆಸರಿಟ್ಟರು. ಇದು ವೈದ್ಯರ ರೋಗಪಟ್ಟಿಯಲ್ಲಿನ ಹೆಸರಲ್ಲ, ಕಂಡದ್ದಕ್ಕೆ ಕೊಟ್ಟ ಹೆಸರು. ಆದರೆ ಅದರ ಸತ್ಯವನ್ನು ನಾನು ನನ್ನ ಮೈಯಲ್ಲಿಯೇ ಕಂಡಿದ್ದೇನೆ. ನಿವೃತ್ತಿಯಾದ ಮೇಲೆ ಓಲೆಗರಿಯ ಪ್ರತಿಯಿಂದ ಅಚ್ಚುಮಾಡಿದ ವಚನಪಾಠಗಳನ್ನು ಗಣಕಯಂತ್ರದಲ್ಲಿ ತಿದ್ದುವ ಕಾಯಕವನ್ನು ಕೆಲವು ಕಾಲ ಮಾಡಿದೆ. ಒಂದು ಪಾಠಾಂತರ ಎದುರಾದಾಗ, ಅದು 'ಡ'ಕಾರವೋ 'ಢ'ಕಾರವೋ ಎಂದು ಕಣ್ಣು ಕಿರಿದುಮಾಡಿ ನೋಡುವಾಗ, ಉಸಿರು ನಿಂತಿರುತ್ತಿತ್ತು, ಭುಜಗಳು ಕಿವಿಯ ಬಳಿಗೆ ಏರಿರುತ್ತಿದ್ದುವು. ಪುಟ ತಿರುವಿದ ಮೇಲೆ ದೊಡ್ಡದೊಂದು ನಿಟ್ಟುಸಿರು. ವಾಯುವನ್ನೇ ಲಿಂಗವೆಂದು ಸಾರುವ ವಚನಗಳನ್ನು ಉಸಿರು ಕಟ್ಟಿಕೊಂಡು ತಿದ್ದುತ್ತಿದ್ದೆನಲ್ಲಾ ಎಂದು ಆಮೇಲೆ ನಗು ಬಂದಿತು.

ಸೂಜಿಗೆ ದಾರ ಪೋಣಿಸುವಾಗಲೂ ಉಸಿರು ತಡೆಯುತ್ತದೆ. ಆದುದರಿಂದ ದೋಷವು ಗಣಕಯಂತ್ರದ್ದೊಂದೇ ಅಲ್ಲ. ಸೂಜಿಯ ಕೆಲಸವು ಕ್ಷಣದಲ್ಲಿ ಮುಗಿಯುತ್ತದೆ, ಗಣಕದ ಮುಂದೆ ಆ ಕ್ಷಣವು ದಿನವಿಡೀ ಮುಂದುವರಿಯುತ್ತದೆ. ರೆಪ್ಪೆ ಬಡಿಯುವುದೂ ಪರದೆಯ ಮುಂದೆ ಕಡಿಮೆಯಾಗುತ್ತದೆಂಬುದನ್ನು ನೇತ್ರವೈದ್ಯರು ಬಲ್ಲರು. ಕಣ್ಣು ಮತ್ತು ಉಸಿರು ಎರಡೂ ತಮ್ಮ ಸ್ವಭಾವವನ್ನು ಬಿಟ್ಟು ಕೆಲಸದ ಊಳಿಗಕ್ಕೆ ನಿಲ್ಲುತ್ತವೆ.

ಹೀಗಿರಲು, ಉಸಿರನ್ನು ನಿಧಾನಗೊಳಿಸಿದರೆ ಹಿತವಾಗುವುದೇಕೆ? ಉಸಿರನ್ನು ಎಳೆದುಕೊಳ್ಳುವಾಗ ಹೃದಯದ ಬಡಿತವು ತುಸು ವೇಗವಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ನಾಡಿಯ ಮೇಲೆ ಬೆರಳಿಟ್ಟು ತಾಳ್ಮೆಯಿಂದ ಉಸಿರಾಡಿದರೆ ಯಾರಿಗಾದರೂ ತಿಳಿಯುತ್ತದೆ. ಮೆದುಳಿನ ಬುಡದಿಂದ ಹೊರಟು ಹೃದಯ, ಶ್ವಾಸಕೋಶ, ಜಠರಗಳವರೆಗೆ ಹಬ್ಬಿರುವ ವೇಗಸ್ ಎಂಬ ನರವು ಹೃದಯಕ್ಕೆ ಕಡಿವಾಣವಿದ್ದಂತೆ. ಉಚ್ಛ್ವಾಸದಲ್ಲಿ ಕಡಿವಾಣ ಸಡಿಲುತ್ತದೆ, ನಿಶ್ವಾಸದಲ್ಲಿ ಬಿಗಿಯುತ್ತದೆ. ಇದಲ್ಲದೆ ಕತ್ತಿನ ಮತ್ತು ಎದೆಯ ಮಹಾಧಮನಿಗಳಲ್ಲಿ ರಕ್ತದೊತ್ತಡವನ್ನು ಅಳೆಯುವ ಸೂಕ್ಷ್ಮ ಗ್ರಾಹಕಗಳಿವೆ. ಒತ್ತಡ ಏರಿದರೆ ಹೃದಯವನ್ನು ನಿಧಾನಿಸುವಂತೆಯೂ, ಇಳಿದರೆ ಚುರುಕಾಗುವಂತೆಯೂ ಅವು ಸುದ್ದಿ ಕಳುಹಿಸುತ್ತವೆ. ಈ ಸುದ್ದಿ ಹೋಗಿ, ಆಜ್ಞೆ ಬಂದು, ಒತ್ತಡವು ಸರಿಹೋಗಿ ಒಂದು ಆವರ್ತವು ಪೂರ್ಣವಾಗಲು ಸುಮಾರು ೧೦ ಸೆಕೆಂಡು ಹಿಡಿಯುತ್ತದೆ.

ಈಗ ನಿಮಿಷಕ್ಕೆ ೬ ಉಸಿರಿನಂತೆ ಉಸಿರಾಡಿದರೆ ಒಂದೊಂದು ಉಸಿರಿಗೂ ೧೦ ಸೆಕೆಂಡು. ಎರಡು ಆವರ್ತಗಳು ಒಂದಾದುವು. ನಾಗರಪಂಚಮಿಯ ಜೋಕಾಲಿಯನ್ನು ನೆನೆಯೋಣ. ಜೋಕಾಲಿಯು ಹಿಂದಕ್ಕೆ ಬಂದು ತಿರುಗುವ ಹೊತ್ತಿಗೆ ಸರಿಯಾಗಿ ನೂಕಿದರೆ ಚಿಕ್ಕ ಹುಡುಗಿಯ ಕೈಯಿಂದಲೂ ಅದು ಮರದೆತ್ತರಕ್ಕೆ ಹೋಗುತ್ತದೆ. ಅಕಾಲದಲ್ಲಿ ನೂಕಿದರೆ ಬಲಶಾಲಿಯ ಕೈಯೂ ಅದನ್ನು ಕೆಡಿಸುತ್ತದೆ. ಉಸಿರು ಆ ನೂಕುವ ಕೈ. ಹೃದಯಬಡಿತದ ಏರಿಳಿತವು ಆಗ ದೊಡ್ಡದಾಗಿ, ಸಮವಾಗಿ ಆಡತೊಡಗುತ್ತದೆ. ಈ ಅನುರಣನದ ಗತಿಯು ಎಲ್ಲರಿಗೂ ನಿಖರವಾಗಿ ೬ ಅಲ್ಲ. ಕೆಲವರಿಗೆ ಐದರ ಆಚೀಚೆ, ಕೆಲವರಿಗೆ ಆರೂವರೆಯ ಹತ್ತಿರ ಇರುತ್ತದೆ.

ಈ ಸಂಬಂಧದಲ್ಲಿ ನಮ್ಮ ವಾಚಕರು ತಿಳಿದಿರಬೇಕಾದ ಒಂದು ಪ್ರಯೋಗವಿದೆ. ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಲುಚಿಯಾನೊ ಬರ್ನಾರ್ಡಿ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ ೨೩ ಮಂದಿ ಆರೋಗ್ಯವಂತರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್ ಭಾಷೆಯಲ್ಲಿಯೂ, ಬೌದ್ಧರ 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಹೇಳಿಸಿ ಅವರ ಉಸಿರು, ಹೃದಯಗತಿಗಳನ್ನು ಅಳೆದರು. ೨೦೦೧ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಹೇಳಿದ ಮಂತ್ರ ಬೇರೆ, ಮತ ಬೇರೆ, ಖಂಡ ಬೇರೆ. ಆದರೆ ಎರಡರಲ್ಲಿಯೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಬಂದು ನಿಂತಿತು. ಆ ಪ್ರಯೋಗದಲ್ಲಿ ಪಂಚಾಕ್ಷರಿಯನ್ನು ಅಳೆದಿಲ್ಲ. ಆದ್ದರಿಂದ ಅದರ ಹೆಸರಿನಲ್ಲಿ ನಮ್ಮ ಮಂತ್ರಕ್ಕೆ ವಿಶೇಷ ಪ್ರಶಸ್ತಿಯನ್ನು ಕಟ್ಟಿಕೊಳ್ಳಲು ಹೋಗಬಾರದು. ಲಯಬದ್ಧವಾದ ಜಪವು ಉಸಿರಿಗೆ ಅಳತೆಗೋಲಾಗುತ್ತದೆ ಎಂಬಷ್ಟನ್ನು ಮಾತ್ರ ಅದರಿಂದ ಗ್ರಹಿಸಬಹುದು.

ಇನ್ನು ತಂತ್ರಾಂಶಗಳ ವಿಷಯ. ಅವುಗಳಲ್ಲಿ ಹೆಚ್ಚಿನವು ಬರಿಯ ತಾಳ ಹಾಕುವಂಥವು. ವೃತ್ತವನ್ನು ಹಿಗ್ಗಿಸಿ ಕುಗ್ಗಿಸುತ್ತವೆ, ಇಲ್ಲವೇ ಧ್ವನಿಯಿಂದಲೋ ಕೈಗಡಿಯಾರದ ಕಂಪನದಿಂದಲೋ ಗತಿಯನ್ನು ತೋರಿಸುತ್ತವೆ. ಕುಳಿತವನು ಅದರಂತೆ ಉಸಿರಾಡುತ್ತಿರುವನೋ ಇಲ್ಲವೋ ಎಂಬುದು ಅವಕ್ಕೆ ತಿಳಿಯದು. ಆ್ಯಪಲ್ ಸಂಸ್ಥೆಯ ಕೈಗಡಿಯಾರದಲ್ಲಿ ೨೦೧೬ರಿಂದ ಬಂದ 'ಬ್ರೀದ್' ಎಂಬುದು ಮುಖ್ಯವಾಗಿ ಈ ಬಗೆಯದು. ಇನ್ನು ಕೆಲವು ಅಳೆದು ನೋಡುತ್ತವೆ. ಮೊಬೈಲಿನ ದೀಪವನ್ನು ಹೊತ್ತಿಸಿ ಅದರ ಕ್ಯಾಮೆರಾದ ಮೇಲೆ ಬೆರಳಿಟ್ಟರೆ, ಪ್ರತಿ ಬಡಿತಕ್ಕೂ ಬೆರಳಿನ ರಕ್ತವು ಹೆಚ್ಚಿ ಕಡಿಮೆಯಾಗುವುದರಿಂದ ಬೆಳಕಿನಲ್ಲಿ ಆಗುವ ಅತ್ಯಲ್ಪ ವ್ಯತ್ಯಾಸವನ್ನು ಹಿಡಿದು, ಬಡಿತಬಡಿತಗಳ ನಡುವಿನ ಅಂತರವನ್ನು ಲೆಕ್ಕಹಾಕುತ್ತವೆ. ಆ ಅಂತರಗಳ ಏರಿಳಿತವನ್ನು ಕಂಡು ಯಾವ ಗತಿಯು ಇವನಿಗೆ ಒಗ್ಗುವುದೆಂದು ಹುಡುಕುತ್ತವೆ.

ಎದೆಗೆ ಪಟ್ಟಿ ಕಟ್ಟಿ, ವ್ಯಕ್ತಿಯ ಉಸಿರನ್ನೇ ಕೇಳಿಸಿಕೊಂಡು, ಸಂಗೀತದ ಸ್ವರಗಳನ್ನು ಮೆಲ್ಲಮೆಲ್ಲನೆ ಉದ್ದಮಾಡುತ್ತ ಉಸಿರನ್ನು ನಿಮಿಷಕ್ಕೆ ಹತ್ತಕ್ಕಿಂತ ಕೆಳಗೆ ತರುವ 'ರೆಸ್ಪಿರೇಟ್' ಎಂಬ ಸಾಧನಕ್ಕೆ ಅಮೆರಿಕದ ಸರಕಾರವು ೨೦೦೨ರಲ್ಲಿ ರಕ್ತದೊತ್ತಡದ ಚಿಕಿತ್ಸೆಗೆ ಪೂರಕವಾಗಿ ಬಳಸಲು ಅನುಮತಿ ನೀಡಿತು. ಅಲ್ಲಿನ ಹೃದ್ರೋಗ ಸಂಘವೂ ೨೦೧೩ರಲ್ಲಿ ಇಂಥ ಸಾಧನಗಳನ್ನು ಪರಿಗಣಿಸಬಹುದೆಂದಿತು. ಆದರೆ ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ ಪರಿಶೀಲಿಸಿದ ವಿದ್ವಾಂಸರು, ತಯಾರಕರ ಕೈವಾಡವಿಲ್ಲದ ಪ್ರಯೋಗಗಳನ್ನಷ್ಟೇ ತೆಗೆದುಕೊಂಡರೆ ಒತ್ತಡ ಇಳಿದುದು ಸ್ಪಷ್ಟವಾಗಿ ಕಾಣುವುದಿಲ್ಲವೆಂದೂ ತೋರಿಸಿದ್ದಾರೆ. ಆದಕಾರಣ ಗುಳಿಗೆಗಳನ್ನು ಬಿಟ್ಟು ವೃತ್ತವನ್ನು ನೋಡುತ್ತ ಕೂಡುವುದು ಅವಿವೇಕ. ಮನಸ್ಸಿನ ನೆಮ್ಮದಿಯ ಮಟ್ಟಿಗೆ ಹೇಳುವುದಾದರೆ ಸಾಕ್ಷ್ಯವು ಇನ್ನಷ್ಟು ಅನುಕೂಲವಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿತ್ಯ ೫ ನಿಮಿಷದಂತೆ ಒಂದು ತಿಂಗಳು ನಿಶ್ವಾಸವನ್ನು ಉದ್ದಮಾಡಿ ಉಸಿರಾಡಿದವರ ಚಿತ್ತಪ್ರಸನ್ನತೆಯು, ಸುಮ್ಮನೆ ಉಸಿರನ್ನು ಗಮನಿಸುತ್ತ ಧ್ಯಾನಿಸಿದವರಿಗಿಂತ ಹೆಚ್ಚಾಗಿತ್ತು. ನಮ್ಮ ಕೇಂದ್ರ ಆಯುಷ್ ಮಂತ್ರಾಲಯವೂ ೨೦೨೧ರ ಸೆಪ್ಟೆಂಬರಿನಲ್ಲಿ 'ವೈ-ಬ್ರೇಕ್' ಎಂಬ ಮೊಬೈಲ್ ತಂತ್ರಾಂಶವನ್ನು ಹೊರತಂದಿತು. ಕೆಲಸದ ಸ್ಥಳದಲ್ಲಿಯೇ ಐದು ನಿಮಿಷಗಳಲ್ಲಿ ಮಾಡಬಹುದಾದ ಕೆಲವು ಆಸನಗಳು, ನಾಡೀಶೋಧನ, ಭ್ರಾಮರಿ ಮತ್ತು ಧ್ಯಾನಗಳನ್ನು ಅದರಲ್ಲಿ ಅಳವಡಿಸಿದ್ದಾರೆ.

ಇಷ್ಟನ್ನು ತಿಳಿದ ಮೇಲೆ ಆ ಹಿರಿಯರ ಆಕ್ಷೇಪಕ್ಕೆ ಬರೋಣ. ಹೊರಗಿನ ಅಳತೆಯಿಂದ ಉಸಿರನ್ನು ನಡೆಸುವುದು ನಮಗೆ ಪರಕೀಯವೇ? ಅಲ್ಲ. ಯೋಗಗ್ರಂಥಗಳಲ್ಲಿ ಮಾತ್ರೆಯೆಂಬ ಕಾಲಮಾನವನ್ನು ಹೇಳುವಾಗ, ಅವಸರವೂ ಇಲ್ಲದೆ ವಿಳಂಬವೂ ಇಲ್ಲದೆ ಮೊಣಕಾಲಿನ ಸುತ್ತ ಕೈಯಾಡಿಸಿ ಒಮ್ಮೆ ಚಿಟಿಕೆ ಹೊಡೆಯುವಷ್ಟು ಕಾಲವೆಂದು ವಿವರಿಸಿದ್ದಾರೆ. ಆ ಕಾಲದ ಸಾಧಕನ ಮೊಣಕಾಲೂ ಚಿಟಿಕೆಯೂ ಇಂದಿನವನ ವೃತ್ತವಾಗಿದೆ, ಇಷ್ಟೇ. ಪತಂಜಲಿಯು ಪ್ರಾಣಾಯಾಮವನ್ನು ದೇಶ, ಕಾಲ, ಸಂಖ್ಯೆ ಎಂಬ ಮೂರರಿಂದ ಅಳೆಯಬೇಕೆಂದನು. ನೂರೆಂಟು ಮಣಿಯ ರುದ್ರಾಕ್ಷಮಾಲೆಯಾದರೂ ಎಣಿಕೆಯ ಸಾಧನವೇ. ಹೀಗಾಗಿ ಯಂತ್ರವೆಂಬ ಕಾರಣಕ್ಕೆ ಅದನ್ನು ದೂರವಿಡುವುದು ಶಾಸ್ತ್ರಕ್ಕೂ ಒಪ್ಪುವ ಮಾತಲ್ಲ.

ಹಾಗೆಂದು ಇನ್ನೊಬ್ಬರು ಹೇಳಿದಂತೆ, ಇದೆಲ್ಲವೂ ನಮ್ಮವರಿಗೆ ಗೊತ್ತೇ ಇತ್ತು ಎನ್ನುವುದೂ ಸತ್ಯವಲ್ಲ. ಧಮನಿಯ ಗ್ರಾಹಕಗಳನ್ನು ಅವರು ಕಂಡಿರಲಿಲ್ಲ, ಕಾಣಬೇಕೆಂದು ಹೊರಟವರೂ ಅಲ್ಲ. ಅವರು ಹುಡುಕಿದ್ದೇ ಬೇರೆ. ಅದು ಏನೆಂಬುದನ್ನು ಷಟ್‌ಸ್ಥಲಗಳ ಕ್ರಮದಲ್ಲಿ ನೋಡಬೇಕು.

ಭಕ್ತ, ಮಾಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರರಲ್ಲಿ ಪ್ರಾಣಲಿಂಗಿಸ್ಥಲವು ನಾಲ್ಕನೆಯದು. ಕರಸ್ಥಲದಲ್ಲಿ ಪೂಜೆಗೊಂಡ ಇಷ್ಟಲಿಂಗವೇ ಒಳಗೆ ಪ್ರಾಣವಾಗಿ ತೋರುವ, ಪ್ರಾಣವೇ ಲಿಂಗವೆಂದು ಅರಿವಾಗುವ ನೆಲೆ ಅದು. ಸಿದ್ಧಾಂತಶಿಖಾಮಣಿಯು ಪ್ರಾಣಾಪಾನಗಳ ಸಂಘಟ್ಟದಿಂದ ಒಳಗೆ ಉದಿಸುವ ಜ್ಯೋತಿಯನ್ನು ಪ್ರಾಣಲಿಂಗವೆಂದು ನಿರೂಪಿಸುತ್ತದೆ. ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕಾದ ಎರಡು ಸೂಕ್ಷ್ಮಗಳಿವೆ.

ಒಂದು, ಭಕ್ತಿಯ ಕ್ರಮ. ಭಕ್ತನಿಗೆ ಶ್ರದ್ಧಾಭಕ್ತಿ, ಮಾಹೇಶ್ವರನಿಗೆ ನಿಷ್ಠಾಭಕ್ತಿ, ಪ್ರಸಾದಿಗೆ ಅವಧಾನಭಕ್ತಿ, ಪ್ರಾಣಲಿಂಗಿಗೆ ಅನುಭವಭಕ್ತಿ ಎಂದು ಆಚಾರ್ಯರೂ ಶರಣರೂ ಹೇಳಿದ್ದಾರೆ. ಅಂದರೆ ಉಸಿರಿನ ಅನುಭವಕ್ಕೆ ಮುನ್ನ ಅವಧಾನವು ಸಿದ್ಧಿಸಿರಬೇಕು. ಅವಧಾನವೆಂದರೆ ಎಚ್ಚರ, ಒಳಗೆ ಬರುವುದೇನು, ಹೊರಗೆ ಹೋಗುವುದೇನು ಎಂಬ ನಿರಂತರವಾದ ಗಮನ. ತಂತ್ರಾಂಶವು ಮಾಡುವ ಕೆಲಸವನ್ನು ಈ ಬೆಳಕಿನಲ್ಲಿ ನೋಡಿದರೆ, ಅದು ಉಸಿರನ್ನು ಕೊಡುತ್ತಿಲ್ಲ, ಅವಧಾನವನ್ನು ಕಡವಾಗಿ ಕೊಡುತ್ತಿದೆ. ಎರಡು ಗಂಟೆಯಾಯಿತು, ಉಸಿರಾಡು ಎಂದು ನೆನಪಿಸುವುದು ಅದು. ಈಗ ಎಳೆದುಕೋ, ಈಗ ಬಿಡು ಎಂದು ಗಮನವಿಡುವುದೂ ಅದೇ. ಎಚ್ಚರವು ಯಂತ್ರದಲ್ಲಿದೆ, ಉಸಿರು ಮನುಷ್ಯನಲ್ಲಿದೆ. ಮಗುವಿಗೆ ನಡೆಯಲು ಕಲಿಸುವಾಗ ಮೂರುಗಾಲಿಯ ಗಾಡಿಯನ್ನು ಕೊಡುತ್ತೇವೆ, ಅದು ತಪ್ಪಲ್ಲ. ಹತ್ತು ವರ್ಷದ ಹುಡುಗನು ಅದನ್ನು ಹಿಡಿದೇ ಶಾಲೆಗೆ ಬಂದರೆ ಚಿಂತಿಸಬೇಕಾಗುತ್ತದೆ.

ಇನ್ನೊಂದು, ಅಂಗಲಿಂಗಗಳ ಸಂಬಂಧ. ಪ್ರಸಾದಿಸ್ಥಲಕ್ಕೆ ಅಗ್ನಿಯು ತತ್ತ್ವ, ನೇತ್ರವು ಇಂದ್ರಿಯ, ಶಿವಲಿಂಗವು ಲಿಂಗ. ಪ್ರಾಣಲಿಂಗಿಸ್ಥಲಕ್ಕೆ ವಾಯುವು ತತ್ತ್ವ, ತ್ವಕ್ಕು ಇಂದ್ರಿಯ, ಜಂಗಮಲಿಂಗವು ಲಿಂಗ. ಈ ಪಟ್ಟಿಯನ್ನು ನಾನು ನಲವತ್ತು ವರ್ಷಗಳ ಹಿಂದೆಯೇ ಬಾಯಿಪಾಠ ಮಾಡಿದ್ದೆ. ಪರೀಕ್ಷೆಗೆ ಕುಳಿತ ವಿದ್ಯಾರ್ಥಿಗಳಿಗೂ ಹೇಳಿಕೊಟ್ಟಿದ್ದೆ. ಉಸಿರಿಗೆ ಸಂಬಂಧಿಸಿದ ಇಂದ್ರಿಯವು ಮೂಗಾಗದೆ ಚರ್ಮವೇಕಾಯಿತು ಎಂದು ಮಾತ್ರ ಯೋಚಿಸಿರಲಿಲ್ಲ. ಈ ತರುಣನ ಪ್ರಶ್ನೆ ಬಂದ ಮೇಲೆ ಕಣ್ಣುಮುಚ್ಚಿ ಕುಳಿತು ನೋಡಿದೆ. ಉಸಿರು ತಿಳಿಯುವುದು ಸ್ಪರ್ಶದಿಂದಲೇ. ಮೂಗಿನ ಹೊಳ್ಳೆಯ ಅಂಚಿಗೆ ತಂಪಾಗಿ ಬರುತ್ತದೆ, ಬೆಚ್ಚಗಾಗಿ ಹೋಗುತ್ತದೆ. ಹೊಟ್ಟೆಯ ಮೇಲಿನ ಬಟ್ಟೆ ತುಸು ಬಿಗಿಯುತ್ತದೆ, ಸಡಿಲುತ್ತದೆ. ಬೇರಾವ ಇಂದ್ರಿಯಕ್ಕೂ ಅದು ಅಷ್ಟು ಹತ್ತಿರವಿಲ್ಲ. ಪರದೆಯ ವೃತ್ತವಾದರೋ ಕಣ್ಣಿನ ವಿಷಯ. ದಿನವಿಡೀ ದಣಿದ ಕಣ್ಣಿಗೇ ಉಸಿರಿನ ಹೊರೆಯನ್ನೂ ಹೊರಿಸಿದಂತಾಯಿತು. ಶಾಸ್ತ್ರಕಾರರು ಗಣಕಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಂಗಡಣೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೆ ಕಣ್ಣಿನಿಂದ ಚರ್ಮಕ್ಕೆ, ನೋಟದಿಂದ ಸ್ಪರ್ಶಕ್ಕೆ ಸಾಗುವ ದಾರಿಯು ಆ ವಿಂಗಡಣೆಯಲ್ಲಿದೆ, ಅದು ಇಂದಿನವರಿಗೂ ಉಪಯೋಗಕ್ಕೆ ಬರುತ್ತದೆ.

ಆದುದರಿಂದ ಪೂಜೆಯ ವಿಷಯದಲ್ಲಿ ನನ್ನ ಅಭಿಪ್ರಾಯವು ಸ್ಪಷ್ಟ. ಕಚೇರಿಯಲ್ಲಿ ವೃತ್ತವಿರಲಿ, ಲಿಂಗಪೂಜೆಯಲ್ಲಿ ಬೇಡ. ಅದು ಮೈಲಿಗೆಯೆಂದಲ್ಲ. ಎಡಗೈಯ ಕರಸ್ಥಲದಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿಯನ್ನು ಅದರಲ್ಲಿಯೇ ನಿಲ್ಲಿಸುವುದು ಶಿವಯೋಗದ ಕ್ರಮ. ಎದುರಿಗೆ ಹಿಗ್ಗಿ ಕುಗ್ಗುವ ಇನ್ನೊಂದು ವಸ್ತುವಿದ್ದರೆ ಒಂದೇ ದೃಷ್ಟಿಗೆ ಇಬ್ಬರು ಒಡೆಯರಾಗುತ್ತಾರೆ. ನಡುವೆ ಒಂದು ಸಂದೇಶವೂ ಬಂದು ಮೊಬೈಲು ಗುಂಯ್‌ಗುಟ್ಟಿದರೆ ಮೂವರು.

ವೃತ್ತವಿಲ್ಲದೆ ಗತಿಯನ್ನು ಹಿಡಿಯುವ ಬಗೆಯನ್ನು ಹೇಳುತ್ತೇನೆ. ನನ್ನ ಮಟ್ಟಿಗೆ 'ಓಂ ನಮಃ ಶಿವಾಯ' ಎಂದು ಮನಸ್ಸಿನಲ್ಲಿ ಸಾವಧಾನವಾಗಿ ಒಮ್ಮೆ ಅನ್ನಲು ಎರಡು ಸೆಕೆಂಡು ಬೇಕಾಗುತ್ತದೆ. ಉಸಿರನ್ನು ಎಳೆದುಕೊಳ್ಳುವಾಗ ಎರಡು ಸಲ, ಬಿಡುವಾಗ ಮೂರು ಸಲ ಅಂದರೆ ಹತ್ತು ಸೆಕೆಂಡು ಆಯಿತು. ಮೊದಲ ಕೆಲವು ದಿನ ತಂತ್ರಾಂಶವನ್ನು ಬಳಸಿ ಗತಿಯನ್ನು ಮೈಗೆ ಹತ್ತಿಸಿಕೊಳ್ಳಲಿ. ಆಮೇಲೆ ಕಣ್ಣುಮುಚ್ಚಿ ಅದರ ಧ್ವನಿಯನ್ನಷ್ಟೇ ಕೇಳಲಿ, ಇಲ್ಲವೇ ಕೈಗಡಿಯಾರದ ಕಂಪನವನ್ನು ಅನುಸರಿಸಲಿ. ಅದು ಸ್ಪರ್ಶಕ್ಕೆ ಒಂದು ಹೆಜ್ಜೆ ಹತ್ತಿರ. ಬಳಿಕ ಅದನ್ನೂ ನಿಲ್ಲಿಸಿ ಮಂತ್ರದ ಲಯದಲ್ಲಿ ನಡೆಯಲಿ. ಎಣಿಕೆ ತಪ್ಪಿದರೆ ತಪ್ಪಲಿ, ಆರಕ್ಕೆ ಏಳಾದರೆ ನಷ್ಟವೇನಿಲ್ಲ.

ಇಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಕಾಲುಗಳನ್ನು ನೆಲಕ್ಕೆ ಊರಿ, ಬೆನ್ನು ನೆಟ್ಟಗೆ ಮಾಡಿ, ಮೊದಲು ಉಸಿರನ್ನು ಹೊರಗೆ ಬಿಟ್ಟು ಆರಂಭಿಸಬೇಕು. ಉಸಿರು ನಿಧಾನವಾಗಬೇಕೇ ಹೊರತು ದೊಡ್ಡದಾಗಬಾರದು. ಬಹುಮಂದಿ ಇಲ್ಲಿಯೇ ಎಡವುತ್ತಾರೆ. ಎದೆಯುಬ್ಬಿಸಿ ಬೇಗಬೇಗ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡು ಮಿತಿಮೀರಿ ಹೊರಹೋಗಿ ತಲೆ ಸುತ್ತುತ್ತದೆ, ಬೆರಳುಗಳೂ ತುಟಿಗಳೂ ಜುಮುಗುಟ್ಟುತ್ತವೆ. ಇದನ್ನು ಕುಂಡಲಿನಿ ಎದ್ದಿತೆಂದು ತಿಳಿದವರನ್ನೂ ನಾನು ಬಲ್ಲೆ. ಅದು ಬರಿಯ ಅತಿಯುಸಿರು, ನಿಲ್ಲಿಸಿ ಸಹಜವಾಗಿ ಕುಳಿತರೆ ಸರಿಹೋಗುತ್ತದೆ. ಕೆಲವು ತಂತ್ರಾಂಶಗಳು ಉಸಿರನ್ನು ಬಹಳ ಹೊತ್ತು ತಡೆಹಿಡಿಯಲು ಹೇಳುತ್ತವೆ. ಹೃದ್ರೋಗ, ಅಧಿಕ ರಕ್ತದೊತ್ತಡ, ಅಪಸ್ಮಾರ ಇರುವವರೂ ಗರ್ಭಿಣಿಯರೂ ಆ ಕುಂಭಕಕ್ಕೆ ಕೈಹಾಕಬಾರದು. ಉಬ್ಬಸವುಳ್ಳವರು ವೈದ್ಯರನ್ನು ಕೇಳಿ ಮಾಡಬೇಕು. ಇನ್ನು ಕೆಲವರಿಗೆ ಉಸಿರನ್ನು ಗಮನಿಸುತ್ತಿದ್ದಂತೆಯೇ ಗಾಬರಿಯಾಗುತ್ತದೆ. ಅಂಥವರು ಹಟ ಹಿಡಿಯದೆ ಎದ್ದು ನಾಲ್ಕು ಹೆಜ್ಜೆ ಅಡ್ಡಾಡಿ ಬರುವುದು ಲೇಸು.

ಈಗ ನನ್ನನ್ನು ಹೆಚ್ಚು ಕಾಡಿದ ಅಂಶಕ್ಕೆ ಬರುತ್ತೇನೆ. ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಬರುವ ಗೋರಕ್ಷನ ಪ್ರಸಂಗವು ವಾಚಕರಿಗೆ ಪರಿಚಿತವೇ ಆಗಿದೆ. ವಾಯುವನ್ನು ಗೆದ್ದು ವಜ್ರಕಾಯನಾದೆನೆಂದು ಬೀಗುತ್ತಿದ್ದ ಗೋರಕ್ಷನ ಮೈಗೆ ಅಲ್ಲಮಪ್ರಭುವು ಖಡ್ಗದಿಂದ ಹೊಡೆದಾಗ ಅದು ಖಣಿಲೆಂದು ಸದ್ದುಮಾಡಿತು, ರೋಮವೂ ಕೊಂಕಲಿಲ್ಲ. ಗೋರಕ್ಷನು ಅದೇ ಖಡ್ಗದಿಂದ ಪ್ರಭುವಿಗೆ ಹೊಡೆದಾಗ ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಯಿತು. ಉಸಿರಿನ ಸಾಧನೆಯಿಂದ ಪೆಟ್ಟು ತಾಳುವ ಕಾಯವನ್ನು ಪಡೆಯಬಹುದು, ಆದರೆ ಸದ್ದುಮಾಡುವಷ್ಟು ಗಟ್ಟಿಯಾದ 'ನಾನು' ಅಲ್ಲಿ ಉಳಿದಿರುತ್ತದೆ ಎಂಬುದು ಪ್ರಭುವಿನ ನಿಲುವು.

ಕಚೇರಿಗಳು ಈ ತಂತ್ರಾಂಶಗಳನ್ನು ಹಂಚುವಾಗ ಬಯಸುತ್ತಿರುವುದು ಯಾವ ಕಾಯವನ್ನು? ನೌಕರನ ಹಿತವನ್ನೇ ಬಯಸಿ ಕೊಡುವವರೂ ಇದ್ದಾರೆ, ಅಲ್ಲವೆನ್ನಲಾರೆ. ಆದರೆ ಹನ್ನೆರಡು ಗಂಟೆಯ ದುಡಿಮೆಯನ್ನು ಹಾಗೆಯೇ ಇರಿಸಿ, ಅದನ್ನು ತಾಳಿಕೊಳ್ಳಲು ಐದು ನಿಮಿಷದ ಉಸಿರನ್ನು ಕೊಟ್ಟರೆ ಅದು ವಜ್ರಕಾಯದ ಸಾಧನೆಯೇ ಸರಿ. ಖಡ್ಗದ ಪೆಟ್ಟು ನಿಲ್ಲುವುದಿಲ್ಲ, ಮೈ ಗಟ್ಟಿಯಾಗಬೇಕು. ಇದು ಬರಿಯ ವೇದಾಂತದ ಮಾತಲ್ಲ. ವಾರಕ್ಕೆ ೫೫ ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, ೩೫ರಿಂದ ೪೦ ಗಂಟೆ ದುಡಿಯುವವರಿಗಿಂತ, ಮಿದುಳಿನ ಆಘಾತದ ಅಪಾಯವು ಸುಮಾರು ಶೇಕಡಾ ೩೫ರಷ್ಟೂ, ರಕ್ತ ಸಾಲದೆ ಬರುವ ಹೃದ್ರೋಗದಿಂದ ಸಾಯುವ ಅಪಾಯವು ಶೇಕಡಾ ೧೭ರಷ್ಟೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ ೨೦೨೧ರಲ್ಲಿ ಪ್ರಕಟಿಸಿದುವು. ೨೦೧೬ರ ಒಂದೇ ವರ್ಷದಲ್ಲಿ ಇಂಥ ದೀರ್ಘ ದುಡಿಮೆಯಿಂದ ಜಗತ್ತಿನಲ್ಲಿ ೭ ಲಕ್ಷ ೪೫ ಸಾವಿರ ಮಂದಿ ಈ ಎರಡು ಕಾರಣಗಳಿಂದ ತೀರಿಕೊಂಡರೆಂದು ಅವುಗಳ ಅಂದಾಜು. ಹೀಗಿದ್ದೂ ನಮ್ಮ ರಾಜ್ಯದಲ್ಲಿ ೨೦೨೪ರ ಜುಲೈ ತಿಂಗಳಲ್ಲಿ, ಮಾಹಿತಿ ತಂತ್ರಜ್ಞಾನದ ನೌಕರರ ದಿನದ ದುಡಿಮೆಯನ್ನು ೧೪ ಗಂಟೆಗಳವರೆಗೆ ಹೆಚ್ಚಿಸಲು ಎಡೆಗೊಡುವ ಪ್ರಸ್ತಾವವು ಚರ್ಚೆಗೆ ಬಂದಿತ್ತು, ನೌಕರರ ಸಂಘಟನೆಯು ಅದನ್ನು ಬಲವಾಗಿ ವಿರೋಧಿಸಿತು.

ಕಾಯಕವೇ ಕೈಲಾಸವಲ್ಲವೇ, ಹೆಚ್ಚು ದುಡಿದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಇಂಥವರು ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರ್ಧಕ್ಕೇ ಓದಿದವರು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಮಡದಿ ಲಕ್ಕಮ್ಮನು ಸಂತೋಷಪಡಲಿಲ್ಲ. ಇದು ಆಸೆಯೆಂದು ಜರೆದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಶರಣರ ಕಾಯಕಕ್ಕೆ ನಿಷ್ಠೆಯಿದ್ದಂತೆ ಅಳತೆಯೂ ಇತ್ತು. ಇಂದು ಆ ಅಳತೆಯನ್ನು ಮೀರುವವನು ನೌಕರನೇ ಆಗಿರಬೇಕೆಂದಿಲ್ಲ, ಅವನಿಂದ ಮೀರಿಸುವವರೂ ಇರುತ್ತಾರೆ. ಲಕ್ಕಮ್ಮನ ಮಾತು ಅವರಿಗೂ ಸಲ್ಲುತ್ತದೆ.

ಆ ತರುಣನಿಗೆ ಅಂದು ಇಷ್ಟೆಲ್ಲವನ್ನೂ ಹೇಳಲಾಗಲಿಲ್ಲ. ಪೂಜೆಯಲ್ಲಿ ಮೊಬೈಲು ಬೇಡ, ಕಚೇರಿಯಲ್ಲಿ ಇರಲಿ ಎಂದಷ್ಟೇ ಹೇಳಿ, "ನಿನ್ನ ತಂತ್ರಾಂಶವು ನಿಮಿಷಕ್ಕೆ ಎಷ್ಟು ಉಸಿರೆಂದು ಹೇಳುತ್ತದಲ್ಲ, ದಿನಕ್ಕೆ ಎಷ್ಟು ಗಂಟೆ ಕುಳಿತಿರುವೆಯೆಂದು ಒಂದು ವಾರ ನೀನೇ ಬರೆದಿಡಪ್ಪಾ" ಎಂದೆ. ಶಿವರಾತ್ರಿಗೆ ಮಠಕ್ಕೆ ಬಂದಾಗ ಸಣ್ಣದೊಂದು ಪುಸ್ತಕವನ್ನು ತೋರಿಸಿದನು. ವಾರದ ಮೊತ್ತ ೬೧ ಗಂಟೆಯಿತ್ತು. ಪೂಜೆಯಲ್ಲಿ ಈಗ ಮಂತ್ರದ ಲಯವೇ ಸಾಕಾಗುತ್ತಿದೆಯೆಂದೂ, ಮೊದಲ ಹತ್ತು ದಿನ ಕಣ್ಣು ತಾನಾಗಿ ವೃತ್ತವನ್ನು ಹುಡುಕುತ್ತಿತ್ತೆಂದೂ ಹೇಳಿದನು. ಕಚೇರಿಯಲ್ಲಿ ಕೆಲಸದ ಒತ್ತಡ ಹೆಚ್ಚಿದ ದಿನಗಳಲ್ಲಿ ಮಾತ್ರ, ಪರದೆಯ ಮೇಲೆ ವೃತ್ತ ಮೂಡಿದೊಡನೆ 'ಆಮೇಲೆ' ಎಂಬ ಗುಂಡಿಯನ್ನು ಒತ್ತಿಬಿಡುತ್ತಾನಂತೆ. ತನ್ನ ಮೇಲಿನ ಅಧಿಕಾರಿಗೆ ಆ ೬೧ರ ಲೆಕ್ಕವನ್ನು ತೋರಿಸಬೇಕೋ ಬೇಡವೋ ಎಂಬುದು ಈಗ ಅವನ ಪ್ರಶ್ನೆ. ತೋರಿಸು ಎಂದಿದ್ದೇನೆ.